ಐದನೇ ತಿಂಗಳಲ್ಲಿ ಸೀನು ಬಂದರೂ ಹೆದರುತ್ತಿದ್ದೆ

ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ಬಸಿರು ನೆನಪಾಯಿತು. ನಿಮಗೆ ಈಗ 21ನೇ ವಾರ. ವಾಂತಿ ನಿಂತು ಅಂತೂ ಊಟ ಸೇರುತ್ತಿದೆ ಅನ್ನುವಷ್ಟರಲ್ಲಿ ಕಿಬ್ಬೊಟ್ಟೆಯಲ್ಲಿ ಸಳಕ್ ಅನ್ನುವ ನೋವು, ಎದೆಯುರಿ, ಮಲಬದ್ಧತೆ, ರಾತ್ರಿ ಕಾಲು ಹಿಡಿದುಕೊಳ್ಳುವುದು, ಸಾಲದ್ದಕ್ಕೆ ನೆಗಡಿ ಇಲ್ಲದೆಯೂ ಮೂಗು ಕಟ್ಟುವುದು. ಇದೆಲ್ಲ ಸಹಜವಾ, ಮಾತ್ರೆ ನುಂಗದೆ ಏನು ಮಾಡಬಹುದು ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಎರಡು ಸಲ ಹೆತ್ತವಳು ಅಷ್ಟೇ. ನೀವು ಹೇಳಿದ್ದರಲ್ಲಿ ಒಂದೂ ಬಿಡದೆ ನನಗೂ ಆಗಿತ್ತು. ಹೆಚ್ಚಿನದಕ್ಕೆ ಮದ್ದಿಗಿಂತ ಏಳುವ, ಕೂರುವ, ಮಲಗುವ, ತಿನ್ನುವ ರೀತಿ ಬದಲಿಸಿದ್ದೇ ಕೆಲಸಕ್ಕೆ ಬಂತು.

ಸಳಕಿನಿಂದಲೇ ಶುರು ಮಾಡುತ್ತೇನೆ, ನನ್ನನ್ನು ಜಾಸ್ತಿ ಹೆದರಿಸಿದ್ದು ಅದೇ. ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕೂರುತ್ತಿದ್ದ ಹಾಗೇ ಸೀನು ಬಂತು. ಬಲಗಡೆ ತೊಡೆಸಂದಿಗೆ ಯಾರೋ ದಾರ ಕಟ್ಟಿ ಜಗ್ಗಿದ ಹಾಗಾಯಿತು. ನೋವು ಬಂದಷ್ಟೇ ಬೇಗ ಹೋಯಿತು, ಆದರೆ ನಾನು ಅಷ್ಟರಲ್ಲಿ ಏನೇನೋ ಊಹಿಸಿಕೊಂಡು ಅಳುತ್ತಾ ಆಸ್ಪತ್ರೆಗೆ ಹೊರಟಿದ್ದೆ. ಡಾಕ್ಟರ್ ಪರೀಕ್ಷೆ ಮಾಡಿ, ಮಗುವಿನ ಎದೆಬಡಿತ ಕೇಳಿಸಿ, ಆಮೇಲೆ ಒಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಗರ್ಭಕೋಶದ ಎರಡೂ ಪಕ್ಕದಿಂದ ಹಗ್ಗದಂಥ ಒಂದೊಂದು ಕಟ್ಟು ತೊಡೆಸಂದಿನವರೆಗೆ ಇಳಿದಿರುತ್ತದೆ. 20ನೇ ವಾರದ ಹೊತ್ತಿಗೆ ಗರ್ಭಕೋಶ ಹೊಕ್ಕುಳಿನ ಮಟ್ಟಕ್ಕೆ ಏರಿರುತ್ತದೆ, ಹಾಗಾಗಿ ಆ ಹಗ್ಗಗಳು ಆಗಲೇ ಬಿಗಿದಿರುತ್ತವೆ. ಸೀನಿದಾಗ, ಕೆಮ್ಮಿದಾಗ, ದಿಢೀರನೆ ಮಗ್ಗುಲು ಬದಲಿಸಿದಾಗ ಸಳಕ್ ಅನ್ನುತ್ತದೆ. ಬಲಗಡೆ ಜಾಸ್ತಿ ಕಾಣಿಸುವುದೂ ಮಾಮೂಲಿ, ಬೆಳೆಯುವ ಗರ್ಭಕೋಶ ಸ್ವಲ್ಪ ಬಲಕ್ಕೆ ತಿರುಗಿಕೊಳ್ಳುತ್ತದೆ.

ಅವರು ಹೇಳಿಕೊಟ್ಟ ಉಪಾಯ ಸುಲಭದ್ದು. ಸೀನು ಬರುತ್ತಿದೆ ಅನ್ನಿಸಿದ ಕೂಡಲೇ, ನಿಂತಿದ್ದರೆ ಮೊಣಕಾಲು ಸ್ವಲ್ಪ ಮಡಚಿ ಮುಂದಕ್ಕೆ ಬಾಗಬೇಕು, ಕೂತಿದ್ದರೆ ಹೊಟ್ಟೆಯ ಕೆಳಗೆ ಕೈ ಆನಿಸಿಕೊಂಡು ತೊಡೆಯ ಕಡೆ ಬಾಗಬೇಕು. ಆಗ ಕಟ್ಟು ಸಡಿಲವಾಗುತ್ತದೆ, ಅಷ್ಟು ಜಗ್ಗುವುದಿಲ್ಲ. ಹಾಸಿಗೆಯಿಂದ ನೆಟ್ಟಗೆ ಎದ್ದು ಕೂರುವುದನ್ನು ಇವತ್ತೇ ಬಿಡಿ. ಮೊದಲು ಮಗ್ಗುಲಾಗಿ, ಎರಡೂ ಮೊಣಕಾಲು ಜೊತೆಗಿಟ್ಟು ಕಾಲು ಕೆಳಗೆ ಬಿಡಿ, ಆಮೇಲೆ ಕೈಯೂರಿ ಏಳಿ. ಮೊದಲ ಎರಡು ದಿನ ಇದು ಅತಿಯಾಯಿತು ಅನ್ನಿಸಿತು, ಮೂರನೇ ದಿನದಿಂದ ಅಭ್ಯಾಸವಾಯಿತು, ಸೊಂಟನೋವೂ ಇಳಿಯಿತು. ಹಗುರ ಬೆಚ್ಚಗಿನ ಶಾಖ ಕೊಡಬಹುದು, ಸುಡುವ ಶಾಖ ಬೇಡ. ಆದರೆ ನೋವು ಬಂದು ಹೋಗದೆ ನಿಂತುಬಿಟ್ಟರೆ, ಅಥವಾ ಗಂಟೆ ಹೊಡೆದ ಹಾಗೆ ಒಂದೇ ಅಂತರದಲ್ಲಿ ಬರುತ್ತಿದ್ದರೆ, ಜೊತೆಗೆ ಜ್ವರ, ವಾಂತಿ, ರಕ್ತ ಏನಾದರೂ ಕಂಡರೆ, ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಆಸ್ಪತ್ರೆಗೆ ಹೊರಡಿ.

ಎದೆಯುರಿ ಮತ್ತು ಮಲಬದ್ಧತೆ ಎರಡಕ್ಕೂ ಕಾರಣ ಒಂದೇ. ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಗರ್ಭಕೋಶ ಬಿಗಿಯಾಗದ ಹಾಗೆ ನೋಡಿಕೊಳ್ಳುತ್ತದೆ, ಆದರೆ ಅದಕ್ಕೆ ಗರ್ಭಕೋಶ ಯಾವುದು, ಕರುಳು ಯಾವುದು ಅಂತ ಗೊತ್ತಾಗುವುದಿಲ್ಲ. ಎಲ್ಲವನ್ನೂ ಸಡಿಲ ಮಾಡುತ್ತದೆ. ಜಠರದ ಬಾಯಿ ಸಡಿಲವಾದರೆ ಹುಳಿ ಮೇಲೆ ಬರುತ್ತದೆ, ಕರುಳು ನಿಧಾನವಾದರೆ ಕೆಳಗಿನದು ಕೆಳಗೆ ಹೋಗುವುದಿಲ್ಲ. ಎದೆಯುರಿಗೆ ನನಗೆ ಆಗಿಬಂದದ್ದು: ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ, ರಾತ್ರಿ ಊಟವಾದ ಮೇಲೆ ಎರಡು ಮೂರು ಗಂಟೆ ಮಲಗದಿರುವುದು, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಏನಾದರೂ ಗಟ್ಟಿಯಾದದ್ದು ಇಟ್ಟು 15 ಸೆಂಟಿಮೀಟರ್‌ನಷ್ಟು ಎತ್ತರಿಸುವುದು. ಸುಮ್ನೆ ಎರಡು ದಿಂಬು ಜಾಸ್ತಿ ಇಟ್ಟುಕೊಂಡರೆ ಕುತ್ತಿಗೆ ಬಾಗಿ ಹೊಟ್ಟೆ ಇನ್ನೂ ಒತ್ತಿಕೊಳ್ಳುತ್ತದೆ, ಅದು ಉಪಯೋಗವಿಲ್ಲ. ಎಡಮಗ್ಗುಲಾಗಿ ಮಲಗಿದರೂ ಉರಿ ಕಡಿಮೆ.

ಮಲಬದ್ಧತೆಯ ವಿಷಯದಲ್ಲಿ ನಾನು ಒಂದು ತಿಂಗಳು ಪೂರ್ತಿ ದಡ್ಡತನ ಮಾಡಿದೆ. ನೀರು ಕುಡಿದೆ, ಹಣ್ಣು ತಿಂದೆ, ನಡೆದೆ, ಏನೂ ಆಗಲಿಲ್ಲ. ಕೊನೆಗೆ ಗೊತ್ತಾಗಿದ್ದು ಐರನ್ ಮಾತ್ರೆಯ ಕಥೆ. ಐರನ್‌ನಿಂದ ಮಲ ಗಟ್ಟಿಯಾಗುವುದು ತುಂಬಾ ಜನಕ್ಕೆ ಇರುವುದೇ (ಕಪ್ಪಾಗುತ್ತದೆ ಕೂಡ, ಹೆದರಬೇಡಿ). ನಾನು ಅದನ್ನು ದಿನಾ ಹಾಲಿನ ಜೊತೆ, ಕ್ಯಾಲ್ಸಿಯಂ ಮಾತ್ರೆಯನ್ನೂ ಸೇರಿಸಿ ಒಟ್ಟಿಗೆ ನುಂಗುತ್ತಿದ್ದೆ, ಒಂದೇ ಸಲಕ್ಕೆ ಮುಗಿಯಲಿ ಅಂತ. ಕ್ಯಾಲ್ಸಿಯಂ ಐರನ್ನನ್ನು ಮೈಗೆ ಹತ್ತಲು ಬಿಡುವುದಿಲ್ಲ, ಚಹಾ ಕಾಫಿಯೂ ಅಷ್ಟೇ. ಅಂದರೆ ಹೊಟ್ಟೆ ಕಟ್ಟಿಸಿಕೊಂಡದ್ದು ಮಾತ್ರ ಲಾಭ, ಹಿಮೋಗ್ಲೋಬಿನ್ ಇದ್ದಲ್ಲೇ ಇತ್ತು. ಆಮೇಲೆ ಎರಡನ್ನೂ ಬೇರೆ ಬೇರೆ ಹೊತ್ತಿಗೆ ಮಾಡಿಕೊಂಡೆ, ಐರನ್ ಜೊತೆ ನಿಂಬೆ, ಕಿತ್ತಳೆಯಂಥ ಹುಳಿ ಹಣ್ಣು. ಡಾಕ್ಟರ್ ಮಾತ್ರೆಯನ್ನೂ ಬದಲಿಸಿದರು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಬದಲಿಸಿಕೊಡಿ ಅಂತ ಕೇಳಿ.

ನಾರಿನ ಅಂಶ ದಿನಕ್ಕೆ 25ರಿಂದ 30 ಗ್ರಾಂ ಬೇಕು. ತವುಡಿರುವ ಧಾನ್ಯ, ಕಾಳು, ಸೊಪ್ಪು, ಸಿಪ್ಪೆ ಸಮೇತ ತಿನ್ನುವ ಹಣ್ಣು. ನಿಧಾನಕ್ಕೆ ಹೆಚ್ಚಿಸಿ, ನೀರನ್ನೂ ಹೆಚ್ಚಿಸಿ, ಇಲ್ಲದಿದ್ದರೆ ಗ್ಯಾಸ್ ಶುರುವಾಗುತ್ತದೆ. ಶೌಚಕ್ಕೆ ಕಮೋಡ್ ಬಳಸುವವರಾದರೆ ಪಾದದ ಕೆಳಗೆ ಚಿಕ್ಕ ಸ್ಟೂಲ್ ಇಟ್ಟುಕೊಳ್ಳಿ. ತಿಣುಕಬೇಡಿ, ಮೂಲವ್ಯಾಧಿ ಬರುವುದೇ ಹಾಗೆ. ಬಂದೇಬಿಟ್ಟರೆ ಉಗುರುಬೆಚ್ಚಗಿನ ನೀರಿನ ಟಬ್‌ನಲ್ಲಿ 10–15 ನಿಮಿಷ ಕೂರುವುದು ಎಷ್ಟು ಹಿತ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಕಾಲು ಹಿಡಿದುಕೊಳ್ಳುವುದಕ್ಕೆ ನಿಜವಾದ ಕಾರಣ ಇದೇ ಅಂತ ಯಾರೂ ಖಚಿತವಾಗಿ ಹೇಳುವುದಿಲ್ಲ. ಮೀನಖಂಡ ಕಲ್ಲಾದಾಗ ಹೆಬ್ಬೆರಳನ್ನು ನಿಮ್ಮ ಮುಖದ ಕಡೆ ಎಳೆದು ಹಿಡಿಯಿರಿ, ಕೆಳಕ್ಕೆ ಚಾಚಿದರೆ ಇನ್ನೂ ಬಿಗಿಯುತ್ತದೆ. ಮಲಗುವ ಮುಂಚೆ ಗೋಡೆಗೆ ಕೈ ಆನಿಸಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ ಅರ್ಧ ನಿಮಿಷ ನಿಲ್ಲುವುದು, ಆಮೇಲೆ ಇನ್ನೊಂದು ಕಾಲು. ನನಗೆ ಇದರಿಂದ ರಾತ್ರಿಗಳು ಶಾಂತವಾದವು. ಒಂದು ವಿಷಯ ಮಾತ್ರ ನೆನಪಿಡಿ: ಒಂದೇ ಕಾಲು ಊದಿ, ಕೆಂಪಾಗಿ, ಬಿಸಿಯಾಗಿ, ನೋವು ಬಿಡದಿದ್ದರೆ ಅದು ಸೆಳೆತ ಅಲ್ಲ, ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ನೀವಬೇಡಿ, ತಕ್ಷಣ ತೋರಿಸಿ.

ಮೂಗಿನ ವಿಷಯ ಕೇಳಿ ನಗು ಬಂತು, ಏಕೆಂದರೆ ನನ್ನ ಗಂಡ ನನ್ನ ಗೊರಕೆಯನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದರು. ಬಸಿರಿನಲ್ಲಿ ಮೈಯ ರಕ್ತ ಹೆಚ್ಚುಕಡಿಮೆ ಒಂದೂವರೆ ಪಟ್ಟಿನಷ್ಟಾಗುತ್ತದೆ. ಮೂಗಿನ ಒಳಪದರ, ಒಸಡು ಎಲ್ಲ ಊದಿಕೊಳ್ಳುತ್ತವೆ. ಮೂಗು ಕಟ್ಟುವುದು, ಆಗಾಗ ಮೂಗಲ್ಲಿ ರಕ್ತ, ಹಲ್ಲುಜ್ಜಿದಾಗ ರಕ್ತ, ಎಲ್ಲ ಒಂದೇ ಮೂಲದ್ದು. ಉಪ್ಪುನೀರಿನ ಸಲೈನ್ ಹನಿ, ತಲೆ ಎತ್ತರ ಮಾಡಿ ಮಲಗುವುದು, ಮೆತ್ತನೆಯ ಬ್ರಷ್. ನೆಗಡಿಗೆ ಹಾಕುವ ಔಷಧದ ಸ್ಪ್ರೇ ಕೇಳದೆ ಹಾಕಬೇಡಿ. ಹಲ್ಲಿನ ಡಾಕ್ಟರ್‌ಗೆ ತೋರಿಸಬೇಕಿದ್ದರೆ ಈ ನಡುವಿನ ತಿಂಗಳುಗಳೇ ಅನುಕೂಲ, ಮುಂದೆ ಕುರ್ಚಿಯಲ್ಲಿ ಒರಗಿ ಮಲಗುವುದೇ ಕಷ್ಟ.

ರಕ್ತ ಹೆಚ್ಚಿದರೂ ರಕ್ತನಾಳಗಳು ಸಡಿಲವಾಗಿರುವುದರಿಂದ ಬಿ.ಪಿ. ಈ ತಿಂಗಳುಗಳಲ್ಲಿ ತುಸು ಇಳಿದಿರುತ್ತದೆ. ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುವುದು ಅದಕ್ಕೇ. ಇಲ್ಲೂ ನಿಧಾನಕ್ಕೆ ಏಳುವುದೇ ಮದ್ದು.

ಚರ್ಮದ ಬಗ್ಗೆ ನೀವು ಕೇಳಿಲ್ಲ, ಆದರೆ ಬರುತ್ತದೆ. ಹೊಕ್ಕುಳಿನ ಕೆಳಗೆ ಕಪ್ಪು ಗೆರೆ, ಮುಖದ ಮೇಲೆ ಬಂಗು. ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ತಾನಾಗಿ ತಿಳಿಯಾಗುತ್ತದೆ, ಬಿಸಿಲಿಗೆ ಹೋಗುವಾಗ ಮುಖ ಕಾಪಾಡಿಕೊಂಡರೆ ಸಾಕು. ಸ್ಟ್ರೆಚ್ ಮಾರ್ಕ್ ಬಾರದ ಹಾಗೆ ತಡೆಯುವ ಕ್ರೀಮ್ ಅಂತ ದುಡ್ಡು ಸುರಿಯಬೇಡಿ, ತಡೆಯುತ್ತದೆ ಅಂತ ಸಾಬೀತಾದದ್ದು ಯಾವುದೂ ಇಲ್ಲ. ಕೆರೆತಕ್ಕೆ ಯಾವುದಾದರೂ ಸಾದಾ ಎಣ್ಣೆ, ಮಾಯಿಶ್ಚರೈಸರ್ ಸಾಕು. ಆದರೆ ದದ್ದು ಏನೂ ಇಲ್ಲದೆ ಅಂಗೈ ಅಂಗಾಲು ಕೆರೆಯತೊಡಗಿ, ರಾತ್ರಿ ಜಾಸ್ತಿಯಾದರೆ, ಪಿತ್ತಜನಕಾಂಗದ ರಕ್ತಪರೀಕ್ಷೆ ಮಾಡಿಸಬೇಕಾಗುತ್ತದೆ. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಈಗ "ನೈಸರ್ಗಿಕ" ಅನ್ನುವ ಪದದ ಬಗ್ಗೆ ನನ್ನ ತಕರಾರು. ಎದೆಯುರಿಗೆ ಅಡುಗೆ ಸೋಡಾ ನೀರಿಗೆ ಹಾಕಿ ಕುಡಿ, ಮನೆಮದ್ದು ತಾನೇ ಅಂದರು ಒಬ್ಬರು. ವಾರಗಟ್ಟಲೆ ಕುಡಿದೆ. ಅದರಲ್ಲಿರುವುದು ಸೋಡಿಯಂ, ಜಾಸ್ತಿಯಾದರೆ ನೀರು ತುಂಬಿಕೊಂಡು ಊತ ಬರುತ್ತದೆ ಅಂತ ಡಾಕ್ಟರ್ ಬೈದು ನಿಲ್ಲಿಸಿದರು. ಮಲಬದ್ಧತೆಗೆ ಹರಳೆಣ್ಣೆ ಕುಡಿಯಬೇಡಿ, ಅದು ಗರ್ಭಕೋಶವನ್ನೂ ಕೆರಳಿಸಬಹುದು. ಅತಿಮಧುರ ದಿನಾ ಜಗಿಯುವುದೂ ಬೇಡ, ಬಿ.ಪಿ. ಏರಿಸುತ್ತದೆ. ಗಿಡಮೂಲಿಕೆ ಅಂದ ಮಾತ್ರಕ್ಕೆ ಮಗುವಿಗೆ ತಾಗುವುದಿಲ್ಲ ಅಂತೇನಿಲ್ಲ ಅಲ್ವಾ? ಅದೇ ಹೊತ್ತಿಗೆ, ಮಾತ್ರೆ ಅಂದ ಕೂಡಲೇ ವಿಷ ಅಂತಲೂ ಅಲ್ಲ. ಬೇಕಾದಾಗ ಡಾಕ್ಟರ್ ಕೊಡುವ ಎದೆಯುರಿ ಸಿರಪ್ ತಗೊಂಡರೆ ನೀವು ಸೋತ ಹಾಗಲ್ಲ. ನೋವಿನ ಮಾತ್ರೆ ಮಾತ್ರ ಮನೆಯಲ್ಲಿ ಸಿಕ್ಕಿದ್ದನ್ನು ನುಂಗಬೇಡಿ, ಐಬುಪ್ರೊಫೇನ್ ಜಾತಿಯದು 20 ವಾರ ದಾಟಿದ ಮೇಲೆ ಮಗುವಿನ ಕಿಡ್ನಿಗೆ ತೊಂದರೆ ಮಾಡಬಹುದು.

ಹೊಟ್ಟೆ ಆಗಾಗ ಗಟ್ಟಿಯಾಗಿ ಸಡಿಲವಾಗುವುದು ಇನ್ನು ಕೆಲವು ವಾರಗಳಲ್ಲಿ ಶುರುವಾಗಬಹುದು. ನೀರು ಕುಡಿದು, ಮಗ್ಗುಲಾಗಿ ಮಲಗಿದರೆ ಹೋಗುತ್ತದೆ. ಹೋಗದಿದ್ದರೆ, ನೀರಿನ ಹಾಗೆ ಸೋರಿದರೆ, ಮೂತ್ರ ಉರಿದರೆ, ಮುಖ ಕೈ ದಿಢೀರ್ ಊದಿದರೆ, ತಲೆನೋವು ಬಿಡದೆ ಕಣ್ಣು ಮಂಜಾದರೆ, ಮನೆಮದ್ದು ಹುಡುಕುತ್ತಾ ಕೂರಬೇಡಿ. 20 ವಾರದ ನಂತರ ಬಿ.ಪಿ. 140/90 ಮುಟ್ಟಿದರೂ ಅಷ್ಟೇ, ಡಾಕ್ಟರ್‌ಗೆ ತೋರಿಸಿ. ಮಗುವಿನ ಅಲುಗಾಟ ಮೊದಲ ಬಸಿರಿನಲ್ಲಿ 18–20 ವಾರಕ್ಕೆ, ಕೆಲವೊಮ್ಮೆ ಇನ್ನೂ ತಡವಾಗಿ ಗೊತ್ತಾಗುತ್ತದೆ. ನನಗೆ ಮೊದಲು ಅದು ಗ್ಯಾಸ್ ಅಂತಲೇ ಅನ್ನಿಸಿತ್ತು. 24 ವಾರವಾದರೂ ಏನೂ ಗೊತ್ತಾಗದಿದ್ದರೆ ಡಾಕ್ಟರ್‌ಗೆ ತಿಳಿಸಿ.

24ರಿಂದ 28 ವಾರದೊಳಗೆ ಸಕ್ಕರೆಯ ಪರೀಕ್ಷೆಗೆ ಹೇಗೂ ಕರೆಯುತ್ತಾರೆ. ಆದರೆ ಮಲಬದ್ಧತೆಗೆ ಅಲ್ಲಿಯವರೆಗೆ ಕಾಯಬೇಡಿ. ಐರನ್ ಮಾತ್ರೆಯ ಹೆಸರು, ಯಾವ ಹೊತ್ತಿಗೆ, ಯಾವುದರ ಜೊತೆ ನುಂಗುತ್ತೀರಿ ಅನ್ನುವುದನ್ನು ಇವತ್ತೇ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಹೋದಾಗ ಮೊದಲು ಅದನ್ನೇ ತೋರಿಸಿ.