ಎರೆಮಣ್ಣಿನಲ್ಲಿ ಹಳೆಯ ಪರಾಗ ಸಿಗುತ್ತದೆಯೇ?

ನಮಸ್ಕಾರ್ರಿ ಸರ. ತಾಳಿಕೋಟೆ ಕಡೆ ಬಾವಿ ತೋಡುವಾಗ ಹತ್ತಡಿ ಕೆಳಗೆ ಸಿಕ್ಕ ಎರೆಮಣ್ಣು ತೆಗೆದಿಟ್ಟೀನಿ, ಅದರೊಳಗಿನ ಪರಾಗ ನೋಡಿ ಇಲ್ಲಿ ಹಿಂದೆ ಕಾಡಿತ್ತೋ ಇಲ್ಲೋ ಹೇಳಬಹುದಾ ಅಂತ ಕೇಳೀರಿ. ತೆಗೆದಿಟ್ಟದ್ದು ಒಳ್ಳೇದಾತು, ಆದರ ಎರೆಮಣ್ಣಿನ ಮ್ಯಾಲೆ ಬಾಳ ಭರವಸೆ ಇಡಬ್ಯಾಡ್ರಿ.

ಪರಾಗದ ಹೊರಕವಚ ಭಾರೀ ಗಟ್ಟಿ. ಮರಳನ್ನೇ ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲಕ್ಕೂ ಅದು ಜಗ್ಗೂದಿಲ್ಲ. (ಈ ಆಮ್ಲ ಜೀವಕ್ಕೇ ಅಪಾಯ, ಮನೆಯಲ್ಲಿ ಮುಟ್ಟಲೇಬ್ಯಾಡ್ರಿ.) ಅದನ್ನ ಹಾಳು ಮಾಡೂದು ಗಾಳಿ. ನಮ್ಮ ಎರಿ ಹೊಲ ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರುಕು ಬಿಡತೈತಿ. ಗಾಳಿ ಒಳಗಿಳೀತೈತಿ, ಮ್ಯಾಲಿನ ಮಣ್ಣೂ ಒಳಗ ಬೀಳತೈತಿ. ಯಾವ ಪದರು ಯಾವ ಕಾಲದ್ದು ಅಂತ ಹೇಳೂದೇ ಕಷ್ಟ. ಹೂಳೆತ್ತದ, ಎಂದೂ ಬತ್ತದ ಹಳೇ ಕೆರಿಯ ತಳದ ಕೆಸರು ಸಿಕ್ಕರ ಅದೇ ಚಿನ್ನ.

ಇನ್ನ ಯಾವ ಗಿಡದ ಪರಾಗ ಎಷ್ಟು ಅನ್ನೂ ಎಣಿಕೆ. ಹುಲ್ಲಿನ ಪರಾಗ ಗಾಳಿಗೆ ದೂರ ಹಾರತೈತಿ. ಜಾಲಿಯದು ಹಂಗಲ್ಲ, ಸಾಮಾನ್ಯವಾಗಿ 16 ಕಣ ಅಂಟಿಕೊಂಡು ಒಂದು ಉಂಡಿ, ಗಿಡದ ಬುಡದ ಸುತ್ತನ ಬೀಳತೈತಿ. ಹಂಗಾಗಿ ಹುಲ್ಲು ಹೆಚ್ಚು ಕಂಡ ಮಾತ್ರಕ್ಕ ಗಿಡಗಳೇ ಇರಲಿಲ್ಲ ಅನ್ನಾಕ ಬರೂದಿಲ್ಲ. ಹುಲ್ಲಿನ ಜಾತಿಗಳನ್ನ ಬಿಡಿಸಿ ಗುರುತಿಸೂದೂ ಕಠಿಣ. ಗೋವಿನಜೋಳದ್ದು ಮಾತ್ರ ದೊಡ್ಡದು, ಹೆಚ್ಚುಕಡಿಮೆ ಮಿಲಿಮೀಟರಿನ ಹತ್ತನೇ ಒಂದು ಪಾಲು. ಆ ಬೆಳೆ ಅಮೆರಿಕ ಖಂಡದ್ದು, ಹಂಗಾಗಿ ಅದರ ಪರಾಗ ಕಂಡರ ಆ ಮಣ್ಣು ಬೆಳೆ ಇಲ್ಲಿಗೆ ಬಂದ ಮ್ಯಾಲಿನದು, ಇಲ್ಲಾ ಪರಾಗ ಮ್ಯಾಲಿಂದ ಬಿದ್ದದ್ದು.

ಮಣ್ಣನ್ನ ಒಣಗಿಸಬ್ಯಾಡ್ರಿ. ಪ್ಲಾಸ್ಟಿಕ್ಕಿನಾಗ ಬಿಗಿಯಾಗಿ ಸುತ್ತಿ, ಆಳ ಬರೆದು, ತಣ್ಣಗಿಟ್ಟು, ಹಳೇ ಪರಾಗ, ಪಳೆಯುಳಿಕೆ ಅಭ್ಯಾಸ ಮಾಡುವ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಗೆ ಒಂದು ಪತ್ರ ಬರೀರಿ.