ಸೈಕಲ್ ಕಟ್ಟೆ: ಚಂದಾ ಎತ್ತಿ ಕಟ್ಟಿದ ತಂಡ

ಪ್ರಶ್ನೆ: ಕಾಕಾ, ನನ್ನ ಮಗನಿಗೆ ಹನ್ನೆರಡು ವರ್ಷ. ಟಿವಿಯಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ನೋಡುತ್ತಾ, "ಕ್ರಿಕೆಟ್‌ನಲ್ಲಿ ಮುಂಬೈ ಅಂದ್ರೆ ಮುಂಬೈ. ಇಲ್ಲಿ ಮಾತ್ರ ತಂಡಗಳಿಗೆ ಯಾಕೆ ಬ್ಯಾಂಕು, ಫೋನ್ ಕಂಪನಿಗಳ ಹೆಸರು? ಅದೂ ಆಗಾಗ ಬದಲಾಗುತ್ತಲ್ಲ?" ಅಂತ ಕೇಳ್ತಾನೆ. ಏನು ಹೇಳಲಿ?
(ಒಬ್ಬ ತಾಯಿ, ಡೊಂಬಿವಲಿ)

ಉತ್ತರ: ತಂಗೀ, ನಿಮ್ಮ ಮಗನ ಪ್ರಶ್ನೆ ದುಡ್ಡಿನ ಬುಡಕ್ಕೇ ಕೈ ಹಾಕಿದೆ. ವಾಂಖೆಡೆ ಒಳಗೆ ಹೋಗಬೇಕಾದರೆ ಟಿಕೆಟ್ ಬೇಕು. ರಸ್ತೆ ರೇಸಿಗೆ ಗೇಟೇ ಇಲ್ಲ. ಬೆಟ್ಟದ ತಿರುವಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತವನ ಹತ್ತಿರ ಯಾರು ಹೋಗಿ ದುಡ್ಡು ಕೇಳುತ್ತಾರೆ? ಹಾಗಾಗಿ ಅಂಗಿಯ ಮೇಲಿನ ಜಾಗ ಮಾರಿಯೇ ಹುಡುಗರಿಗೆ ಸಂಬಳ ಕೊಡಬೇಕು. ಮೊದಲು ಆ ಜಾಗ ಸೈಕಲ್ ಮಾಡುವ ಕಂಪನಿಗಳದ್ದೇ ಆಗಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನ ಜನ ಸ್ಕೂಟರು, ಕಾರು ಹತ್ತಿದರು, ಸೈಕಲ್ ಕಂಪನಿಗಳ ಕಿಸೆ ಖಾಲಿಯಾಯಿತು. ಆಗ 1954ರಲ್ಲಿ ಇಟಲಿಯ ಸವಾರ ಫಿಯೊರೆಂಜೊ ಮಾಗ್ನಿ ನಿವಿಯಾ ಕಂಪನಿಯನ್ನು ಒಪ್ಪಿಸಿ ಕರೆತಂದ. ಗಟ್ಟಿಮುಟ್ಟಾದ, ಬೋಳುತಲೆಯ ಗಂಡಸು, ಎದೆಯ ಮೇಲೆ ಮುಖಕ್ಕೆ ಹಚ್ಚುವ ಕ್ರೀಮಿನ ಹೆಸರು! ಜನ ನಕ್ಕಿರಬೇಕು. ಆದರೆ ದಾರಿ ತೆರೆಯಿತು.

ಕಂಪನಿ ಹೋದರೆ ಹೆಸರೂ ಹೋಯಿತು. ಮಗನಿಗೆ ಈ ಒಂದು ಉದಾಹರಣೆ ಹೇಳಿ. 1980ರಲ್ಲಿ ಸ್ಪೇನಿನಲ್ಲಿ ರೆನಾಲ್ಡ್ಸ್ ಅಂತ ಒಂದು ತಂಡ ಶುರುವಾಯಿತು. ಅದೇ ಮುಂದೆ ಬನೆಸ್ತೊ ಆಯಿತು. ಸ್ಪೇನಿನ ಸವಾರ ಇಂಡುರೈನ್ 1991ರಿಂದ 1995ರವರೆಗೆ ಸಾಲಾಗಿ ಐದು ಸಲ ಟೂರ್ ಗೆದ್ದಿದ್ದು ಆ ಹೆಸರಿನಲ್ಲಿ. ಇವತ್ತು ನಿಮ್ಮ ಮಗ ನೋಡುವ ಮೋವಿಸ್ಟಾರ್ ಕೂಡ ಅದೇ ತಂಡ. ಮನೆ ಅದೇ, ಬಾಗಿಲ ಮೇಲಿನ ಬೋರ್ಡು ಮಾತ್ರ ಬೇರೆ.

ಪ್ರಶ್ನೆ: ಕಾಕಾ, ನಮಸ್ಕಾರ. ಜನವರಿಯಲ್ಲಿ ಪುಣೆ ಗ್ರ್ಯಾಂಡ್ ಟೂರ್ ಸೈಕಲ್ ರೇಸ್ ನೋಡಿದಾಗಿನಿಂದ ನಮ್ಮ ಹುಡುಗರ ತಲೆಗೆ ಹುಳ ಹೊಕ್ಕಿದೆ. ಇಲ್ಲಿರುವ ಕನ್ನಡದವರದ್ದೇ ಒಂದು ಸೈಕಲ್ ತಂಡ ಕಟ್ಟಬೇಕು, ಮನೆಮನೆಗೆ ಹೋಗಿ ಚಂದಾ ಎತ್ತಬೇಕು ಅಂತ ಮಾತಾಡ್ತಿದ್ದೇವೆ. ಜಗತ್ತಿನಲ್ಲಿ ಎಲ್ಲಾದರೂ ಹೀಗೆ ಮಾಡಿದ್ದಾರಾ? ಮಾಡಿದ್ದರೆ ಅದು ಉಳೀತಾ?
(ಒಬ್ಬ ಓದುಗ, ಚಿಂಚವಡ)

ಉತ್ತರ: ಮಾಡಿದ್ದಾರೆ ತಮ್ಮಾ. ಉಳೀತಾ ಅಂದರೆ, ಉಳಿದು, ಸತ್ತು, ಮತ್ತೆ ಹುಟ್ಟಿತು. ಸ್ವಲ್ಪ ಉದ್ದ ಕತೆ, ಚಹಾ ತಗೊಂಡು ಕೂತ್ಕೋ.

ಸ್ಪೇನ್ ಮತ್ತು ಫ್ರಾನ್ಸ್ ನಡುವೆ ಪಿರನೀಸ್ ಬೆಟ್ಟಗಳಿವೆ. ಅದರ ಪಶ್ಚಿಮದ ತುದಿಯಲ್ಲಿ, ಸಮುದ್ರಕ್ಕೆ ಹತ್ತಿಕೊಂಡು ಬಾಸ್ಕ್ ಜನರ ನಾಡು. ಅವರ ಭಾಷೆ ಯುಸ್ಕಾರಾ. ಅದಕ್ಕೆ ಅಕ್ಕ ತಂಗಿ ಅನ್ನೋ ಭಾಷೆ ಜಗತ್ತಿನಲ್ಲಿ ಒಂದೂ ಇಲ್ಲ. ಮಳೆ ಜಾಸ್ತಿ, ದಿಬ್ಬ ಜಾಸ್ತಿ, ಸೈಕಲ್ ಹುಚ್ಚು ಇನ್ನೂ ಜಾಸ್ತಿ. ಆ ನೆಲದಿಂದ ಒಳ್ಳೊಳ್ಳೆಯ ಸವಾರರು ಬರುತ್ತಿದ್ದರು, ಆದರೆ ಬೇರೆಯವರ ತಂಡಕ್ಕೆ ದುಡಿಯುತ್ತಿದ್ದರು. ಮಿಗೆಲ್ ಮದಾರಿಯಾಗಾ ಅನ್ನುವವರು ಮುಂದೆ ನಿಂತು ಒಂದು ಫೌಂಡೇಶನ್ ಕಟ್ಟಿದರು. ಜನ ಸದಸ್ಯರಾದರು, ವರ್ಗಣಿ ಕೊಟ್ಟರು. 1994ರಲ್ಲಿ ತಂಡ ರಸ್ತೆಗಿಳಿಯಿತು. ಹೆಸರು ಯುಸ್ಕಾಡಿ, ಅಂದರೆ ಬಾಸ್ಕ್ ನಾಡು ಅಂತಲೇ ಅರ್ಥ. ಒಂದೇ ಷರತ್ತು, ಸವಾರರು ನಮ್ಮ ನೆಲದವರಾಗಿರಬೇಕು.

ಚಂದಾ ಹಣದಲ್ಲಿ ಎಷ್ಟು ದೂರ ಹೋಗಲಿಕ್ಕೆ ಆಗುತ್ತದೆ? ನಾಲ್ಕೈದು ವರ್ಷದೊಳಗೆ ಅವರಿಗೂ ದೊಡ್ಡ ಕೈ ಬೇಕಾಯಿತು. ಅಲ್ಲಿಯದ್ದೇ ಟೆಲಿಫೋನ್ ಕಂಪನಿ ಯುಸ್ಕಾಲ್ಟೆಲ್ ಬಂತು. ಅದೂ ಪೂರ್ತಿ ಹೊರಗಿನದ್ದಲ್ಲ. ಬಾಸ್ಕ್ ಸರ್ಕಾರ, ಅಲ್ಲಿನ ಉಳಿತಾಯ ಬ್ಯಾಂಕುಗಳು ಸೇರಿ ಹುಟ್ಟುಹಾಕಿದ ಕಂಪನಿ. ಅಂಗಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಹೊರಗಿನವರು ತಮಾಷೆಗೆ 'ಕ್ಯಾರೆಟ್‌ಗಳು' ಅನ್ನುತ್ತಿದ್ದರು, ನಮ್ಮ ವಿಜಯಪುರದ ಮಾತಿನಲ್ಲಿ ಗಜ್ಜರಿ! ಸೈಕಲ್ ಓರ್ಬಿಯಾ ಕಂಪನಿಯದ್ದು. ಅದೂ ಬಾಸ್ಕ್ ಕಂಪನಿಯೇ. 1840ರಲ್ಲಿ ಬಂದೂಕು ಮಾಡುವ ಕೆಲಸದಿಂದ ಶುರುವಾಗಿ ಆಮೇಲೆ ಸೈಕಲ್ಲಿಗೆ ಬಂದದ್ದು. ಈಗ ಅದು ಕೆಲಸಗಾರರೇ ಮಾಲೀಕರಾಗಿರುವ ಸಹಕಾರಿ ಸಂಸ್ಥೆ. ಸಕ್ಕರೆ ಕಾರ್ಖಾನೆ ನೋಡಿ ಬೆಳೆದ ನಮ್ಮ ಮಹಾರಾಷ್ಟ್ರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2001ರಲ್ಲಿ ಮೊದಲ ಸಲ ಟೂರ್ ಡಿ ಫ್ರಾನ್ಸ್‌ಗೆ ಕರೆ ಬಂತು. ರೇಸು ಪಿರನೀಸ್ ಹತ್ತಿದ ದಿನ ಲೂಜ್ ಆರ್ದಿದಾಂ ಬೆಟ್ಟದ ರಸ್ತೆಯಲ್ಲಿ ಕಿತ್ತಳೆ ಬಿಟ್ಟು ಬೇರೆ ಬಣ್ಣ ಕಾಣಲಿಲ್ಲ. ಬಾಸ್ಕ್ ಜನ ಗಡಿ ದಾಟಿ ಬಂದು ಎರಡೂ ಬದಿಗೆ ನಿಂತಿದ್ದರು. ನಡುವೆ ಒಂದು ಸೈಕಲ್ ಹೋಗುವಷ್ಟು ಸಂದಿ. ಆ ಸಂದಿಯಲ್ಲಿ ತಂಡದ ಸವಾರ ರೊಬೆರ್ತೊ ಲೈಸೆಕಾ ಒಬ್ಬನೇ ಬಂದ, ಆ ದಿನದ ಓಟ ಗೆದ್ದ. ಅವನು ಗೆರ್ನಿಕಾ ಊರಿನವನು. 1937ರಲ್ಲಿ ವಿಮಾನದಿಂದ ಬಾಂಬು ಹಾಕಿ ಸುಟ್ಟರಲ್ಲ, ಅದೇ ಗೆರ್ನಿಕಾ. ಆ ಗೆಲುವಿನ ವಿಡಿಯೊ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನನ್ನ ಹೆಂಡತಿಗೆ ಕಾಮೆಂಟರಿ ಬಾಯಿಪಾಠ ಆಗಿದೆ, ಅದು ಯಾವ ಭಾಷೆ ಅಂತ ಗೊತ್ತಿಲ್ಲದಿದ್ದರೂ.

ಆಮೇಲೆ 2003ರ ಟೂರ್‌ನಲ್ಲಿ ಅದೇ ತಂಡದ ಇಬಾನ್ ಮಾಯೊ ಆಲ್ಪ್ ದುಯೆಜ್ ಬೆಟ್ಟ ಹತ್ತುವ ದಿನದ ಓಟ ಗೆದ್ದ. 2011ರಲ್ಲಿ ಸ್ಪೇನಿನ ದೊಡ್ಡ ರೇಸ್ ವುಯೆಲ್ತಾ 33 ವರ್ಷ ಬಿಟ್ಟು ಬಾಸ್ಕ್ ನಾಡಿಗೆ ಕಾಲಿಟ್ಟಿತು. 1978ರಲ್ಲಿ ಪ್ರತಿಭಟನೆಯಿಂದ ರೇಸ್ ಕೆಟ್ಟ ಮೇಲೆ ಅತ್ತ ಬಂದೇ ಇರಲಿಲ್ಲ. ಆ ದಿನ ಅಲ್ಲಿಯ ಬಿಲ್ಬಾವೊ ನಗರದಲ್ಲಿ ಗೆದ್ದವನು ಪಕ್ಕದ ಊರಿನ ಇಗೋರ್ ಆಂತೋನ್. ಮಡಿಲಿಗೆ ಬಂದು ಬಿದ್ದ ಹಾಗೆ.

ಈಗ ನಿಮಗೆ ಬೇಕಾದ ಭಾಗಕ್ಕೆ ಬರುತ್ತೇನೆ. 'ನಮ್ಮವರು' ಅಂದರೆ ಯಾರು?

ಆ ತಂಡದ ದೊಡ್ಡ ಹೆಸರು ಸಾಮ್ಯುಯೆಲ್ ಸಾಂಚೆಜ್. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಚಿನ್ನ, 2011ರ ಟೂರ್‌ನಲ್ಲಿ ಬೆಟ್ಟದ ರಾಜನ ಚುಕ್ಕಿ ಅಂಗಿ, ಅಂದರೆ ಬೆಟ್ಟ ಹತ್ತುವುದರಲ್ಲಿ ಮೊದಲಿಗನಿಗೆ ಕೊಡುವ ಅಂಗಿ. ಆದರೆ ಅವನು ಬಾಸ್ಕ್ ಅಲ್ಲವೇ ಅಲ್ಲ! ಉತ್ತರ ಸ್ಪೇನಿನ ಅಸ್ತೂರಿಯಾಸ್‌ನವನು. ಹುಡುಗನಾಗಿದ್ದಾಗ ಬಾಸ್ಕ್ ಕ್ಲಬ್ಬುಗಳಲ್ಲಿ ಸೈಕಲ್ ತುಳಿದು ಬೆಳೆದ, ಅದಕ್ಕೆ ನಮ್ಮವನೇ ಅಂದರು. ಹುಟ್ಟಿದ ಮನೆ ನೋಡಲಿಲ್ಲ, ಬೆವರು ಸುರಿದ ರಸ್ತೆ ನೋಡಿದರು.

ನಮ್ಮ ಕತೆಯೂ ಒಂದಿದೆ, ಹೇಳಲೇಬೇಕು. 1987ರಲ್ಲಿ ಇದೇ ಪುಣೆಯಲ್ಲಿ ನಾವೂ ಒಂದು ಕನ್ನಡ ತಂಡ ಕಟ್ಟಿದ್ದೆವು. ಕ್ಯಾಂಪಿನ ಒಂದು ಉಡುಪಿ ಹೋಟೆಲಿನ ಹಿಂದಿನ ಕೋಣೆಯಲ್ಲಿ ಸಭೆ. ಮನೆಗೆ ಹನ್ನೊಂದು ರೂಪಾಯಿ ಚಂದಾ, ರಸೀದಿ ಪುಸ್ತಕ ನನ್ನ ಕೈಯಲ್ಲಿ. ಐದು ಸವಾರರಲ್ಲಿ ಇಬ್ಬರು ವಿಜಯಪುರದವರು, ಒಬ್ಬ ಬೆಳಗಾವಿ, ಒಬ್ಬ ಆ ಹೋಟೆಲಿನಲ್ಲೇ ದೋಸೆ ಹುಯ್ಯುತ್ತಿದ್ದ ಕುಂದಾಪುರದ ಹುಡುಗ. ಐದನೆಯವನು ಸೋಲಾಪುರದವನು. ತಾಯಿ ಕನ್ನಡ, ತಂದೆ ಮರಾಠಿ, ಓದಿದ್ದು ಮರಾಠಿ ಶಾಲೆ. "ಇವನು ನಮ್ಮವನು ಹೇಗೆ?" ಅಂತ ಒಬ್ಬ ಹಿರಿಯರು ಎದ್ದರು. ಮುಕ್ಕಾಲು ಗಂಟೆ ಅದೇ ಚರ್ಚೆ. ಹುಡುಗ ಹೊರಗೆ ಕೂತು ಎಲ್ಲರ ಸೈಕಲ್ ಚೈನಿಗೂ ಎಣ್ಣೆ ಬಿಡುತ್ತಿದ್ದ. ಕೊನೆಗೆ ಹೋಟೆಲ್ ಮಾಲೀಕರು, "ಅವನ ಬಿಟ್ರೆ ಘಾಟ್ ಹತ್ತೋರು ಯಾರು ಮಾರ್ರೆ?" ಅಂದರು. ಸಭೆ ಮುಗಿಯಿತು.

ಆ ಹೊತ್ತಿಗೆ ಒಬ್ಬ ವ್ಯಾಪಾರಿ ಅಂಗಿ, ಬೂಟು ಎಲ್ಲ ನಾನೇ ಕೊಡಿಸುತ್ತೇನೆ ಅಂದರು. ನಾವು ಖುಷಿಯಲ್ಲಿ ಅವರ ಹೆಸರಿನ ಕರಪತ್ರ ಹಂಚಿಬಿಟ್ಟೆವು. ಅದಾದ ಮೇಲೆ ಅವರು ಫೋನಿಗೇ ಸಿಗಲಿಲ್ಲ. ಮನೆಗೆ ಹೋದರೆ ಊರಿಗೆ ಹೋಗಿದ್ದಾರೆ. ಮುಂಬೈ-ಪುಣೆ ರೇಸಿಗೆ ನಾವು ಹೋಗಿದ್ದು ಸ್ವಂತ ಬನಿಯನ್ ಮೇಲೆ ಬಣ್ಣ ಬಳಿದುಕೊಂಡು. ಖೋಪೋಲಿ ದಾಟಿ ಬೋರ್ ಘಾಟಿನಲ್ಲಿ ಶಿಂಗ್ರೋಬಾ ಗುಡಿ ಬರುತ್ತದಲ್ಲ, ಎಲ್ಲರೂ ಚಿಲ್ಲರೆ ಎಸೆದು ಹೋಗುವ ಜಾಗ, ಅಲ್ಲಿ ನನ್ನ ಹಿಂದಿನ ಗಾಲಿಯ ಎರಡು ಕಡ್ಡಿ ಮುರಿದವು. ಬೆವರಿಗೆ ಬಣ್ಣ ಇಳಿದು ಹೊಟ್ಟೆಯೆಲ್ಲ ಹಳದಿ, ಕೆಂಪು. ಗುಡಿಯ ಪಕ್ಕ ಕೂತು ಉಳಿದವರು ಹತ್ತಿ ಹೋಗುವುದನ್ನು ನೋಡಿದೆ. ಸೋಲಾಪುರದವನು ಮುಂದಿನ ಗುಂಪಿನಲ್ಲಿದ್ದ. ತಂಡ ಮುಂದಿನ ವರ್ಷಕ್ಕೆ ಇರಲಿಲ್ಲ. ಚಂದಾ ಹಣ ಟೈರು, ಬಾಳೆಹಣ್ಣು, ಎಸ್‌ಟಿ ಬಸ್ಸಿಗೆ ಕರಗಿತ್ತು.

ಬಾಸ್ಕ್ ತಂಡವೂ ಕುಸಿಯಿತು, ಆದರೆ ಬೇರೆ ಕಾರಣಕ್ಕೆ. ಸೈಕಲ್ ಜಗತ್ತಿನ ಮೇಲಿನ ದರ್ಜೆಯಲ್ಲಿ ಉಳಿಯಬೇಕಾದರೆ ಸವಾರರು ರೇಸುಗಳಲ್ಲಿ ಗಳಿಸಿದ ಪಾಯಿಂಟು ಬೇಕು ಅನ್ನುವ ಲೆಕ್ಕ ಬಂತು. ಒಂದು ಸಣ್ಣ ನಾಡು ಎಷ್ಟು ಸವಾರರನ್ನು ಹೆರಬಲ್ಲದು? 2013ಕ್ಕೆ ಅವರು ಷರತ್ತು ಮುರಿದರು. ಗ್ರೀಸ್, ಸ್ಲೊವೇನಿಯಾ, ಜರ್ಮನಿ, ಮೊರಾಕ್ಕೊ, ರಷ್ಯಾ ಕಡೆಯಿಂದ ಪಾಯಿಂಟು ಇದ್ದವರನ್ನು ತಂದರು. ತಂದವರಲ್ಲಿ ಒಬ್ಬ ಇಪಿಒ ಅನ್ನುವ, ರಕ್ತದ ಕೆಂಪು ಕಣ ಹೆಚ್ಚಿಸುವ ನಿಷೇಧಿತ ಮದ್ದು ತಗೊಂಡು ಸಿಕ್ಕಿಬಿದ್ದ. ಕಿತ್ತಳೆ ಅಂಗಿ ಅದೇ ಇತ್ತು, ಒಳಗಿದ್ದವರು ಬೇರೆ. ನನಗೆ ಕೇಳಿದರೆ ತಂಡ ಸತ್ತಿದ್ದು ಆಗಲೇ, ದುಡ್ಡು ಮುಗಿದಿದ್ದು ಆಮೇಲೆ. ಸ್ಪೇನಿನಲ್ಲಿ ಆರ್ಥಿಕ ಬಿಕ್ಕಟ್ಟು, ಸರ್ಕಾರದ ಕೈ ಬಿಗಿಯಾಯಿತು, ಕಂಪನಿ ಸಾಕು ಅಂದಿತು. ಸೆಪ್ಟೆಂಬರಿನಲ್ಲಿ ಕಾರ್ ರೇಸಿನ ಫೆರ್ನಾಂಡೊ ಅಲೊನ್ಸೊ ತಂಡ ಕೊಳ್ಳುತ್ತಾನೆ ಅಂತ ಸುದ್ದಿ ಬಂತು. ನಾನು ಅಂಗಡಿಯಲ್ಲಿ ಪೇಡೆ ಹಂಚಿದ್ದೆ. ಮೂರು ವಾರದಲ್ಲಿ ಮಾತುಕತೆ ಮುರಿಯಿತು. ಪೇಡೆ ತಿಂದವರು ಈಗಲೂ ಕಾಡುತ್ತಾರೆ.

ಆದರೆ ಚಂದಾ ಎತ್ತಿದ ಆ ಹಳೇ ಫೌಂಡೇಶನ್ ಸಾಯಲಿಲ್ಲ. ಅಲ್ಲಿಂದಲೇ ಮೇಲೆ ಬಂದಿದ್ದ ಮಿಕೆಲ್ ಲಾಂಡಾ, ಬೇರೆ ತಂಡಗಳಿಗೆ ಇನ್ನೂ ರೇಸ್ ಓಡಿಸುತ್ತಿದ್ದಾಗಲೇ, ಅದರ ಹೊಣೆ ಹೊತ್ತ. ಕೆಳಗಿನ ದರ್ಜೆಯಿಂದ ಮತ್ತೆ ಶುರು. 2020ರಲ್ಲಿ ಒಂದು ಮೆಟ್ಟಿಲು ಮೇಲೆ ಬಂದರು. ಯುಸ್ಕಾಲ್ಟೆಲ್ ಕಂಪನಿಯೂ ವಾಪಸ್ ಬಂತು, ಕಿತ್ತಳೆ ಅಂಗಿಯೂ ಬಂತು. 2023ರಲ್ಲಿ ಟೂರ್ ಡಿ ಫ್ರಾನ್ಸ್ ಬಿಲ್ಬಾವೊದಿಂದಲೇ ಹೊರಟಿತು. ರಸ್ತೆ ತುಂಬ ಬಾಸ್ಕ್ ಬಾವುಟ. ತಂಡಕ್ಕೆ ಮಾತ್ರ ಕರೆ ಬರಲಿಲ್ಲ. ಮನೆಯ ಅಂಗಳದಲ್ಲೇ ಮದುವೆ, ಮನೆಯವರಿಗೇ ಎಲೆ ಇಲ್ಲ.

ಹಾಗಾದರೆ ನೀವೇನು ಮಾಡಬೇಕು? ಮೊದಲು, ದೊಡ್ಡ ತಂಡದ ಕನಸು ಸ್ವಲ್ಪ ಬದಿಗಿಡಿ. ಪುಣೆಯಲ್ಲಿ ಆ ಐದು ದಿನ, 437 ಕಿಲೋಮೀಟರ್ ಓಡಿದವರಲ್ಲಿ ನೀವು ನೋಡಿದ 'ಕಾಂಟಿನೆಂಟಲ್' ತಂಡಗಳು ವೃತ್ತಿ ಸೈಕಲ್ಲಿನ ಕೆಳಗಿನ ಮೆಟ್ಟಿಲು. ಅದಕ್ಕೂ ಕನಿಷ್ಠ ಹತ್ತು ಸವಾರರು, ಫೆಡರೇಶನ್ ಕಾಗದ, ವಿಮೆ, ಕಾರು, ಮೆಕ್ಯಾನಿಕ್ ಎಲ್ಲ ಬೇಕು. ಚಂದಾ ಎತ್ತಿ, ಖಂಡಿತ ಎತ್ತಿ. ಆದರೆ ಹದಿನಾಲ್ಕು, ಹದಿನೈದು ವರ್ಷದ ಮಕ್ಕಳಿಗೆ ಎತ್ತಿ. ನಾಲ್ಕು ಒಳ್ಳೆಯ ಸೈಕಲ್ಲು, ಒಬ್ಬ ಕೋಚು, ಭಾನುವಾರ ಬೆಳಿಗ್ಗೆ ಐದಕ್ಕೆ ಸಿಂಹಗಡದ ಬುಡದಲ್ಲಿ ಹಾಜರಿ, ಇಷ್ಟು ಸಾಕು ಶುರುವಿಗೆ. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಹುಡುಗರು ಬೆಳೆದದ್ದು ಹೀಗೇ, ಯಾರೋ ಒಬ್ಬ ಹಿರಿಯ ಸವಾರನ ಹಿಂದೆ ಬೆಳಗಿನ ಜಾವ ತುಳಿದು. ಇನ್ನು ಸೋಲಾಪುರದವನು ಬಂದರೆ ಮುಕ್ಕಾಲು ಗಂಟೆ ಚರ್ಚೆ ಮಾಡಬೇಡಿ. ನಿಮ್ಮ ರಸ್ತೆಯಲ್ಲಿ ತುಳಿಯುತ್ತಾನಾ, ಹೆಸರು ಬರೆದುಕೊಳ್ಳಿ. ವ್ಯಾಪಾರಿಗಳು ಬಂದರೆ ಚೆಕ್ ಪಾಸಾದ ಮೇಲೆ ಕರಪತ್ರ ಹಾಕಿಸಿ.

ರಸೀದಿ ಪುಸ್ತಕ ಮಾಡಿಸಿದ ದಿನ ನನಗೊಂದು ಫೋನ್ ಮಾಡು. ಹನ್ನೊಂದು ರೂಪಾಯಿ ಈಗ ಆಗಲಿಕ್ಕಿಲ್ಲ, ಆದರೂ ಮೊದಲ ರಸೀದಿ ನನ್ನ ಹೆಸರಿಗೆ ಇರಲಿ.

ಪ್ರಶ್ನೆ: ರೇಸು ಗೆಲ್ಲೋದು ಒಬ್ಬ. ಉಳಿದವರು ಅವನಿಗೆ ಗಾಳಿ ತಡೆದು, ನೀರು ತಂದುಕೊಟ್ಟು ಸುಸ್ತಾಗಿರ್ತಾರೆ. ಬಹುಮಾನದ ದುಡ್ಡು ಯಾರಿಗೆ?
(ಕಾಲೇಜು ವಿದ್ಯಾರ್ಥಿನಿ, ಮಡಗಾಂವ್)

ಉತ್ತರ: ಎಲ್ಲರಿಗೂ, ಮಗಳೇ. ಒಂದೇ ಡಬ್ಬಿಗೆ ಹಾಕಿ ಹಂಚಿಕೊಳ್ಳುವುದು ಹಳೇ ರೂಢಿ. ಮೆಕ್ಯಾನಿಕ್, ಮಾಲೀಶು ಮಾಡುವವರಿಗೂ ಪಾಲು ಕೊಡುತ್ತಾರೆ. ಟೂರ್ ಗೆದ್ದವನು ತನ್ನ ಪಾಲನ್ನೂ ಜೊತೆಗಾರರಿಗೇ ಬಿಡುವುದುಂಟು, ಅವನಿಗೆ ಸಂಬಳ, ಜಾಹೀರಾತಿನಲ್ಲಿ ಸಾಕಷ್ಟು ಬರುತ್ತದೆ.

ನಮ್ಮ ತಂಡ ಆ ವರ್ಷ ಗೆದ್ದದ್ದು ಒಂದೇ ಬಹುಮಾನ. ಹಡಪಸರದ ಒಂದು ಸಣ್ಣ ರೇಸಿನಲ್ಲಿ ಸೋಲಾಪುರದವನು ಮೊದಲು ಬಂದ, ಐದು ಲೀಟರಿನ ಕುಕ್ಕರ್ ಕೊಟ್ಟರು. ಕುಕ್ಕರ್ ಐದು ಪಾಲು ಮಾಡೋದು ಹೇಗೆ? ತಿಂಗಳಿಗೊಬ್ಬರ ಮನೆಯಲ್ಲಿ ಅಂತ ಸರದಿ ಹಾಕಿದೆವು. ನನ್ನ ಸರದಿಯಲ್ಲಿ ನನ್ನ ಮದುವೆಯಾಯಿತು, ವಾಪಸ್ ಕೇಳಲಿಕ್ಕೆ ಯಾರಿಗೂ ಬಾಯಿ ಬರಲಿಲ್ಲ. ನಾಲ್ಕು ಸಲ ಗ್ಯಾಸ್ಕೆಟ್ ಬದಲಿಸಿದ್ದೇನೆ. ಈಗಲೂ ಸೋಲಾಪುರದವನು ಮನೆಗೆ ಬಂದರೆ ಮೊದಲು ಅಡುಗೆಮನೆಗೆ ಹೋಗಿ ಅದನ್ನು ನೋಡಿಯೇ ಚಹಾಕ್ಕೆ ಕೂರುವುದು.