ಹೊಂಡದ ಲೆಕ್ಕದಲ್ಲಿ 27 ಘನ ಮೀಟರ್ ಎಲ್ಲಿಂದ ಬಂತು?

ಪ್ರಶ್ನೆ: ಸರ್, ಜಮೀನಿನಲ್ಲಿ ಕೃಷಿ ಹೊಂಡ ತೆಗೆಸಿದೆ. ಮೇಲೆ 12 ಮೀಟರ್ ಚೌಕ, ತಳದಲ್ಲಿ 6 ಮೀಟರ್ ಚೌಕ, ಆಳ 3 ಮೀಟರ್. ಒಂದು ಬದಿಯಲ್ಲಿ ಬಂಡೆ ಸಿಕ್ಕಿ ಅಲ್ಲಿ ಅಗೆಯಲು ಆಗಲಿಲ್ಲ. ಜೆಸಿಬಿಯವರು 270 ಘನ ಮೀಟರ್ ಅಂತ ಬಿಲ್ ಕೊಟ್ಟಿದ್ದಾರೆ. ಸರಿಯಾ? ಬಂಡೆಯನ್ನು ಹೇಗೆ ಕಳೆಯೋದು?
– ಒಬ್ಬ ರೈತರು, ಶಿರಾ

ಉತ್ತರ: ಅವರು ಮೇಲಿನ 144 ಚದರ ಮೀಟರ್, ತಳದ 36, ಎರಡನ್ನೂ ಕೂಡಿ ಅರ್ಧ ಮಾಡಿ 90 ಅಂದಿದ್ದಾರೆ. ಅದನ್ನು 3ರಿಂದ ಗುಣಿಸಿದರೆ 270. ಸುಮಾರು ಜನ ಹೀಗೇ ಮಾಡುತ್ತಾರೆ, ಮೋಸವೇ ಅಂತ ಅಂದುಕೊಳ್ಳಬೇಡಿ.

ಆದರೆ ಹೊಂಡದ ಅರ್ಧ ಆಳಕ್ಕೆ ಇಳಿದು ಟೇಪ್ ಹಿಡಿಯಿರಿ. ಅಲ್ಲಿ ಬದಿ 9 ಮೀಟರ್, ಅಂದರೆ 81 ಚದರ ಮೀಟರ್. 90 ಅಲ್ಲ! ಇಳಿಜಾರು ನಾಲ್ಕೂ ಕಡೆಯಿಂದ ಒಳಗೆ ಬರುತ್ತದಲ್ವಾ, ಅದಕ್ಕೇ. ಹಾಗಾಗಿ ನಡುವಿನದಕ್ಕೆ ಜಾಸ್ತಿ ತೂಕ ಕೊಡಬೇಕು: ಮೇಲಿನದು, ನಡುವಿನದರ ನಾಲ್ಕು ಪಟ್ಟು, ತಳದ್ದು, ಮೂರನ್ನೂ ಕೂಡಿ. 144, 324, 36 ಸೇರಿ 504. ಆಳದಿಂದ ಗುಣಿಸಿ 6ರಿಂದ ಭಾಗಿಸಿದರೆ 252 ಘನ ಮೀಟರ್.

ಇನ್ನು ಬಂಡೆ. ಅದಕ್ಕೆ ಯಾವ ಸೂತ್ರವೂ ಹೊಂದಲ್ಲ. ಚಿಕ್ಕ ಕಲ್ಲಾಗಿದ್ದರೆ ತುಂಬಿದ ಬಕೆಟ್‌ನಲ್ಲಿ ಮುಳುಗಿಸಿ, ಚೆಲ್ಲಿದ ನೀರು ಅಳೆಯಬಹುದಿತ್ತು. ಇದನ್ನು ಬ್ರೆಡ್ಡಿನ ಹಾಗೆ ಹೋಳು ಮಾಡಿಕೊಳ್ಳಿ. ಬಂಡೆಯ ಉದ್ದಕ್ಕೂ ಮೀಟರಿಗೊಂದು ಹಗ್ಗ ಅಡ್ಡ ಕಟ್ಟಿ. ಹಗ್ಗ ಹೋದ ಜಾಗದಲ್ಲೆಲ್ಲ ಅರ್ಧ ಮೀಟರಿಗೊಮ್ಮೆ ಬಂಡೆಯ ಎತ್ತರ ಬರೆದುಕೊಳ್ಳಿ. ಮನೆಯಲ್ಲಿ ಮಕ್ಕಳ ಗ್ರಾಫ್ ಪುಸ್ತಕ ಇದ್ದರೆ ಅದರಲ್ಲಿ ಆಕಾರ ಬಿಡಿಸಿ ಚೌಕ ಎಣಿಸಿ. ಅರ್ಧಕ್ಕಿಂತ ಜಾಸ್ತಿ ಒಳಗಿದ್ದ ಚೌಕಕ್ಕೆ ಒಂದು, ಕಡಿಮೆ ಇದ್ದರೆ ಸೊನ್ನೆ. ಚೌಕದ ಬದಿ ಅರ್ಧ ಮೀಟರ್ ಅಂತ ಹಿಡಿದರೆ ನಾಲ್ಕು ಚೌಕ ಸೇರಿ ಒಂದು ಚದರ ಮೀಟರ್. ಉದಾಹರಣೆಗೆ ಬಂಡೆ 4 ಮೀಟರ್ ಉದ್ದವಿದ್ದು, ಎರಡೂ ತುದಿಯಲ್ಲಿ ಸೊನ್ನೆ, ನಡುವಿನ ಮೂರು ಹಗ್ಗದಲ್ಲಿ 3, 4.5, 1.5 ಚದರ ಮೀಟರ್ ಬಂತು ಅನ್ನಿ. ಹಗ್ಗದ ಅಂತರ 1 ಮೀಟರ್ ಇರೋದರಿಂದ ಸುಮ್ನೆ ಕೂಡಿದರೆ ಸಾಕು: 9 ಘನ ಮೀಟರ್. ಬಂಡೆ ತುಂಬಾ ಕೊರಕಲಾಗಿದ್ದರೆ ಅರ್ಧ ಮೀಟರಿಗೊಂದು ಹಗ್ಗ ಕಟ್ಟಿ, ಆಗ ಕೂಡಿ ಬಂದದ್ದರಲ್ಲಿ ಅರ್ಧ.

252ರಲ್ಲಿ 9 ಹೋದರೆ 243. ಬಿಲ್ಲಿಗಿಂತ 27 ಕಡಿಮೆ, ಹತ್ತರಲ್ಲಿ ಒಂದು ಪಾಲು. ನಿಮ್ಮ ಬಂಡೆಯ ಅಳತೆ ಹಾಕಿ ಈ ಕೊನೆಯ ಅಂಕಿ ತಿದ್ದಿಕೊಳ್ಳಿ.

ಅವರು ಟ್ರ್ಯಾಕ್ಟರ್ ಲೋಡ್ ಎಣಿಸಿ ತೋರಿಸಿದರೆ ಒಪ್ಪಬೇಡಿ. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ, ಎಷ್ಟೋ ಕಡೆ ಕಾಲು ಭಾಗದಷ್ಟು. ಗುಂಡಿಯನ್ನೇ ಅಳೆಯಿರಿ, ಮಳೆ ಬಂದು ಹೂಳು ಕೂರುವ ಮೊದಲು.